ಲೇಖನಿಯ ಚಾಕುವೂ ಕನ್ನಡನಾಡಿನ ಉಕ್ಕೂ

ಗರಿಯ ಲೇಖನಿಯಿಂದ ಬರೆಯುತ್ತಿದ್ದ ಕಾಲದಲ್ಲಿ ಇಂಗ್ಲೆಂಡಿನ ವಿದ್ಯಾವಂತನ ಬಳಿ ಒಂದು ಸಣ್ಣ ಚಾಕು ಇದ್ದೇ ಇರುತ್ತಿದ್ದಿತು. ಹೆಬ್ಬಾತಿನ ಗರಿಯ ಬುಡವನ್ನು ಓರೆಯಾಗಿ ಕೊಯ್ದು, ತುದಿಯನ್ನು ಸೀಳಿ, ಬರೆದು ಸವೆದಂತೆಲ್ಲ ಅದನ್ನು ಮತ್ತೆ ಕೆತ್ತಿಕೊಳ್ಳುವುದಕ್ಕೆ ಈ ಚಾಕುವಿಲ್ಲದೆ ಸಾಗುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಜೇಬಿನ ಚಾಕುವಿಗೆ ಇಂದಿಗೂ ‘ಪೆನ್‌ನೈಫ್’ ಎಂಬ ಹೆಸರು ಉಳಿದಿರುವುದು ಈ ಕಾರಣದಿಂದಲೇ. ದಕ್ಷಿಣ ದೇಶದ ಓಲೆಬರಹಗಾರರಿಗೂ ಇಂಥ ಉಪಕರಣವು ಅಪರಿಚಿತವಾಗಿರಲಿಲ್ಲ. ಬರೆಯುವ ಕಂಠವನ್ನೂ ಓಲೆಯನ್ನು ಸವರುವ ಅಲಗನ್ನೂ ಒಂದೇ ಹಿಡಿಯೊಳಕ್ಕೆ ಮಡಚಿಕೊಳ್ಳುವಂತೆ ಮಾಡಿದ ಸಾಧನವು ತಮಿಳರಲ್ಲಿ ಬಳಕೆಯಲ್ಲಿದ್ದಿತು. ಬರಹವು ಎಲ್ಲೆಲ್ಲಿ ಬೆಳೆಯಿತೋ ಅಲ್ಲೆಲ್ಲ ಅದರ ಮಗ್ಗುಲಿನಲ್ಲಿ ಚಾಕುವೂ ಬೆಳೆಯಿತು.

ಮಡಚುವ ಚಾಕುವಿನ ರಚನೆ ಸರಳವಾದುದು. ಕೊಂಬು, ಎಲುಬು ಅಥವಾ ಮರದ ಎರಡು ಹೋಳುಗಳ ನಡುವೆ ಒಂದು ಸೀಳು. ಆ ಸೀಳಿನಲ್ಲಿ ಮೊಳೆಯೊಂದರ ಸುತ್ತ ತಿರುಗುವ ಅಲಗು. ತೆರೆದ ಅಲಗು ತಾನಾಗಿ ಮುಚ್ಚಿಕೊಳ್ಳದಂತೆ ಅದನ್ನು ಬೆನ್ನಿನಿಂದ ಒತ್ತಿ ಹಿಡಿಯುವ ಉಕ್ಕಿನ ಸ್ಪ್ರಿಂಗು: ಇಷ್ಟೇ ಅದರ ಅಂಗಗಳು. ಹಿಡಿಯು ಎಷ್ಟೇ ಅಂದವಾಗಿರಲಿ, ಚಾಕುವಿನ ಯೋಗ್ಯತೆ ನಿಲ್ಲುವುದು ಅಲಗಿನ ಮೇಲೆಯೇ. ಜೇಬಿಗೆ ಭಾರವಾಗದಂತೆ ಅಲಗು ತೆಳುವಾಗಿರಬೇಕು. ಆ ತೆಳುವಾದ ಬಾಯಿಯು ಗಡುಸಾದ ಗರಿಯನ್ನು ಕೊಯ್ಯುವಾಗ ಮಡಿಯಲೂ ಬಾರದು, ಮುಕ್ಕಾಗಲೂ ಬಾರದು. ಮೆದುವಾದ ಉಕ್ಕು ಮಡಿಯುತ್ತದೆ; ಅತಿ ಕಠಿನವಾದುದು ಮುಕ್ಕಾಗುತ್ತದೆ. ಈ ಎರಡು ದೋಷಗಳ ನಡುವಣ ಹದವನ್ನು ಕಂಡುಕೊಳ್ಳುವುದರಲ್ಲಿಯೇ ಚಾಕು ಮಾಡುವವನ ವಿದ್ಯೆಯೆಲ್ಲ ಅಡಗಿದೆ. ಆದಕಾರಣ ಹೊಸ ಉಕ್ಕೊಂದರ ಗುಣವನ್ನು ಅರಿಯಬೇಕಾದರೆ ಸಣ್ಣ ಚಾಕುವಿಗಿಂತ ಉತ್ತಮವಾದ ಒರೆಗಲ್ಲು ಬೇರೊಂದಿಲ್ಲ. ಅದಕ್ಕೆ ಬೇಕಾಗುವ ಲೋಹವು ಅತ್ಯಲ್ಪ. ಅದು ಒಡ್ಡುವ ಪರೀಕ್ಷೆಯೋ ಬಹು ನಿಷ್ಠುರವಾದುದು. ಕನ್ನಡದ ಹೆಸರನ್ನು ಹೊತ್ತ ಉಕ್ಕೊಂದು ೧೭೯೫ರಲ್ಲಿ ಲಂಡನ್ ನಗರದಲ್ಲಿ ಇಂಥ ಒರೆಗಲ್ಲಿನ ಮೇಲೆ ಪರೀಕ್ಷಿಸಲ್ಪಟ್ಟಿತು.

ಆ ಕಾಲಕ್ಕೆ ಇಂಗ್ಲೆಂಡಿನವರಲ್ಲಿ ಒಳ್ಳೆಯ ಉಕ್ಕು ಇರಲಿಲ್ಲವೆಂದಲ್ಲ. ಹಿಂದೆ ಅವರು ಕಬ್ಬಿಣದ ಪಟ್ಟಿಗಳನ್ನು ಇದ್ದಲಿನಲ್ಲಿ ಹುದುಗಿಸಿ ಹಲವು ದಿನ ಕಾಯಿಸಿ ಉಕ್ಕು ಮಾಡುತ್ತಿದ್ದರು. ಅದು ಹೊರಗೊಂದು ಬಗೆ, ಒಳಗೊಂದು ಬಗೆಯಾಗಿರುತ್ತಿದ್ದಿತು. ೧೭೪೦ರ ಸುಮಾರಿಗೆ ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರದ ಕೆಲಸಗಾರನು ತನ್ನ ಸ್ಪ್ರಿಂಗುಗಳಿಗೆ ತಕ್ಕ ಉಕ್ಕು ದೊರೆಯದೆ ಬೇಸತ್ತು, ಶೆಫೀಲ್ಡಿನ ಬಳಿ, ಮಣ್ಣಿನ ಮೂಸೆಯಲ್ಲಿ ಉಕ್ಕನ್ನು ಪೂರ್ಣವಾಗಿ ಕರಗಿಸಿ ಒಂದೇ ಪಾಕಕ್ಕೆ ತರುವ ಕ್ರಮವನ್ನು ಸಾಧಿಸಿದನು. ಆದರೆ ಶೆಫೀಲ್ಡಿನ ಚಾಕುಗಾರರು ಈ ಉಕ್ಕು ಅತಿ ಕಠಿನವೆಂದು ದೂರಿ ಮೊದಲು ಅದನ್ನು ಮುಟ್ಟಲಿಲ್ಲವೆಂದೂ, ಫ್ರಾನ್ಸಿನವರು ಅದನ್ನು ಕೊಂಡು ಮಾಡಿದ ಚಾಕುಗಳು ಮಾರುಕಟ್ಟೆಯಲ್ಲಿ ಮೇಲಾದ ಮೇಲೆಯೇ ಇವರ ಕಣ್ಣು ತೆರೆಯಿತೆಂದೂ ಆ ಊರಿನ ಐತಿಹ್ಯ. ಉತ್ತಮವಾದ ಉಕ್ಕು ಬಂದಾಗಲೆಲ್ಲ ‘ಇದು ನಮ್ಮ ಕೈಗೆ ಬಗ್ಗದು’ ಎಂಬುದೇ ಮೊದಲ ಮಾತಾಗುವುದನ್ನು ಮುಂದೆಯೂ ಕಾಣಬಹುದು.

೧೭೯೪ರಲ್ಲಿ ಮುಂಬಯಿಯಲ್ಲಿದ್ದ ಹೆಲೆನಸ್ ಸ್ಕಾಟ್ ಎಂಬ ವೈದ್ಯನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷನಾಗಿದ್ದ ಸರ್ ಜೋಸೆಫ್ ಬ್ಯಾಂಕ್ಸನಿಗೆ ಕೆಲವು ಉಕ್ಕಿನ ಬಿಲ್ಲೆಗಳನ್ನು ಕಳುಹಿಸಿದನು. ಅವು ಸುಮಾರು ಐದು ಅಂಗುಲ ಅಗಲ, ಒಂದು ಅಂಗುಲ ದಪ್ಪವಿದ್ದು, ಒಂದೊಂದೂ ಎರಡು ಪೌಂಡಿಗೆ ಮೇಲ್ಪಟ್ಟು ತೂಗುತ್ತಿದ್ದುವು. ಈ ದೇಶದವರು ಇದನ್ನು ಬಹಳವಾಗಿ ಆದರಿಸುವರೆಂದೂ, ಕಲ್ಲು ಕೆತ್ತುವ ಉಳಿ, ಅರ, ಗರಗಸ ಮೊದಲಾದ ಕಠಿನ ಕಾರ್ಯದ ಸಾಧನಗಳಿಗೆ ಇದು ಯೋಗ್ಯವೆಂದೂ ಸ್ಕಾಟನು ತಿಳಿಸಿದನು. ಅದರೊಡನೆ ಒಂದು ಎಚ್ಚರಿಕೆಯನ್ನೂ ಕೊಟ್ಟನು: ಈ ಉಕ್ಕು ನಸುಗೆಂಪಿಗಿಂತ ಹೆಚ್ಚಿನ ಕಾವನ್ನು ಸಹಿಸದು, ಆದುದರಿಂದ ಕಮ್ಮಾರನಿಗೆ ಇದರ ಕೆಲಸವು ಬಹು ನಿಧಾನವಾದುದು.

ಬಿಲ್ಲೆಗಳ ಪರೀಕ್ಷೆಯು ಜಾರ್ಜ್ ಪಿಯರ್ಸನ್ ಎಂಬ ವೈದ್ಯ ಹಾಗೂ ರಸಾಯನಜ್ಞನ ಪಾಲಿಗೆ ಬಂದಿತು. ಅವನ ಪ್ರಬಂಧವು ೧೭೯೫ನೆಯ ಜೂನ್ ತಿಂಗಳಿನಲ್ಲಿ ರಾಯಲ್ ಸೊಸೈಟಿಯ ಮುಂದೆ ಓದಲ್ಪಟ್ಟಿತು. ಅದರಲ್ಲಿ ಆಮ್ಲಗಳ, ತೂಕಗಳ ವಿಚಾರಗಳೊಡನೆ ಒಂದು ಸಣ್ಣ ಚಾಕುವಿನ ವೃತ್ತಾಂತವೂ ಇದೆ. ಬ್ಯಾಂಕ್ಸನ ಅಪೇಕ್ಷೆಯಂತೆ ಜೇಮ್ಸ್ ಸ್ಟೋಡಾರ್ಟ್ ಎಂಬ ಲಂಡನ್ನಿನ ನಿಪುಣ ಚಾಕುಗಾರನು ಬಿಲ್ಲೆಯ ಒಂದು ತುಂಡನ್ನು ತೆಗೆದುಕೊಂಡು ಲೇಖನಿಯ ಚಾಕುವಿಗೆ ಅಲಗನ್ನು ಬಡಿದನು. ಕತ್ತಲೆಯಲ್ಲಿ ಮಾತ್ರ ಕೆಂಪಾಗಿ ಕಾಣುವಷ್ಟು ಸಣ್ಣ ಕಾವಿನಲ್ಲಿ ಈ ಕೆಲಸ ನಡೆಯಬೇಕಾಯಿತು. ಅಲಗನ್ನು ಕಾಯಿಸಿ ತಣಿಸಿ ಕಠಿನಗೊಳಿಸಿದ ಮೇಲೆ ಫ್ಯಾರನ್‌ಹೀಟ್ ಮಾನದ ೪೫೦ ಡಿಗ್ರಿಯಲ್ಲಿ ಅದಕ್ಕೆ ಹದ ದೊರೆಯಿತು. ಶ್ರಮವು ಬಹಳವಾದರೂ ಫಲವು ಅದಕ್ಕೆ ತಕ್ಕುದಾಗಿದ್ದಿತು. ಆ ಚಾಕುವಿನ ಬಾಯಿ ಅತ್ಯುತ್ತಮವಾದ ಉಕ್ಕಿನ ಬಾಯಿಗೆ ಎಣೆಯಾಗಿ ಕೊಯ್ದಿತು. ಇದಕ್ಕಿಂತಲೂ ಸೂಕ್ಷ್ಮವಾಗಿ, ಬಲವಾಗಿ, ಬಹುಕಾಲ ಬಾಳುವ ಅಂಚನ್ನು ಈ ಉಕ್ಕು ತಾಳಬಲ್ಲುದೆಂದೂ, ಶಸ್ತ್ರವೈದ್ಯರ ಉಪಕರಣಗಳಿಗೆ ವಿಶೇಷವಾಗಿ ಒದಗುವುದೆಂದೂ ಸ್ಟೋಡಾರ್ಟನು ಅಭಿಪ್ರಾಯಪಟ್ಟನು. ಕೆಲವು ವರ್ಷಗಳ ಬಳಿಕ ಅವನ ಅಂಗಡಿಯ ವಿಜ್ಞಾಪನಪತ್ರದಲ್ಲಿಯೇ, ಯೂರೋಪಿನ ಯಾವ ಉಕ್ಕಿಗಿಂತಲೂ ಹಿಂದೂಸ್ಥಾನದ ಈ ಉಕ್ಕನ್ನು ತಾನು ಮೇಲೆಂದು ಬಗೆಯುವುದಾಗಿ ಅಚ್ಚು ಹಾಕಿಸಿದನು.

ಪಿಯರ್ಸನ್ನನ ಪ್ರಬಂಧದ ಶೀರ್ಷಿಕೆಯಲ್ಲಿ ಈ ಉಕ್ಕು ಮುಂಬಯಿಯಲ್ಲಿ ತಯಾರಾಗುವುದೆಂದೂ ಅಲ್ಲಿ ಇದಕ್ಕೆ ‘ವೂಟ್ಸ್’ ಎಂದು ಹೆಸರೆಂದೂ ಇದೆ. ಎರಡೂ ಸರಿಯಲ್ಲ. ಮುಂಬಯಿ ಇದು ಹಡಗನ್ನೇರಿದ ರೇವು ಮಾತ್ರ. ಹುಟ್ಟಿದ್ದು ದಕ್ಷಿಣದ ಒಳನಾಡಿನಲ್ಲಿ. ‘ವೂಟ್ಸ್’ ಎಂಬ ಶಬ್ದವೋ ಯಾವ ಭಾಷೆಗೂ ಸೇರಿದುದಲ್ಲ. ಕನ್ನಡದ ‘ಉಕ್ಕು’ ಎಂಬುದನ್ನು ಯಾರೋ ‘ವುಕ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿರಬೇಕು, ಅದನ್ನು ಮತ್ತೊಬ್ಬರು ತಪ್ಪಾಗಿ ಓದಿ ‘ವೂಟ್ಸ್’ ಮಾಡಿರಬೇಕು ಎಂಬುದು ೧೮೮೬ರಲ್ಲಿ ಪ್ರಕಟವಾದ ‘ಹಾಬ್ಸನ್ ಜಾಬ್ಸನ್’ ನಿಘಂಟುಕಾರರಾದ ಯೂಲ್ ಮತ್ತು ಬರ್ನೆಲ್ ಅವರ ಊಹೆ. ತೆಲುಗಿನಲ್ಲಿಯೂ ‘ಉಕ್ಕು’ ಎಂಬ ಶಬ್ದವೇ ಇರುವುದರಿಂದ ಈ ಗೌರವದಲ್ಲಿ ನೆರೆಯ ಭಾಷೆಗೂ ಪಾಲುಂಟು. ಲಿಪಿಕಾರನ ಕೈತಪ್ಪಿನಿಂದ ಹುಟ್ಟಿದ ಆ ಶಬ್ದವೇ ಇಂದು ಜಗತ್ತಿನ ಲೋಹಶಾಸ್ತ್ರದಲ್ಲಿ ನೆಲಸಿದೆ.

ಈ ಉಕ್ಕನ್ನು ಮಾಡುತ್ತಿದ್ದ ಬಗೆಯನ್ನು ಫ್ರಾನ್ಸಿಸ್ ಬುಕಾನನ್ನನು ಮೈಸೂರು ಸೀಮೆಯಲ್ಲಿ ೧೮೦೦–೧೮೦೧ರಲ್ಲಿ ಸಂಚರಿಸಿದಾಗ ಕಂಡು, ೧೮೦೭ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ವರ್ಣಿಸಿದ್ದಾನೆ. ಮೆದುಕಬ್ಬಿಣದ ಒಂದು ತುಂಡನ್ನು ಹಸಿಮಣ್ಣಿನ ಮೂಸೆಯಲ್ಲಿಟ್ಟು, ಅದರೊಡನೆ ತಂಗಡಿಯ ಕಡ್ಡಿಗಳನ್ನೂ ಹಸುರೆಲೆಗಳನ್ನೂ ಸೇರಿಸಿ, ಬಾಯಿಯನ್ನು ಮಣ್ಣಿನಿಂದ ಮೆತ್ತಿ, ಇಂಥ ಹಲವು ಮೂಸೆಗಳನ್ನು ಒಟ್ಟಿಗೆ ಇದ್ದಲಿನ ಕುಲುಮೆಯಲ್ಲಿ ಜೋಡಿಸಿ, ತಿದಿಯೊತ್ತಿ ಗಂಟೆಗಟ್ಟಲೆ ಉರಿಸುತ್ತಿದ್ದರು. ಮೂಸೆ ತಣಿದ ಮೇಲೆ ಒಡೆದರೆ ಒಳಗೆ ಉಕ್ಕಿನ ಗಟ್ಟಿ ದೊರೆಯುತ್ತಿದ್ದಿತು. ಚನ್ನಪಟ್ಟಣದಲ್ಲಿ ತಂತಿವಾದ್ಯಗಳಿಗಾಗಿ ಉಕ್ಕಿನ ತಂತಿಯನ್ನು ಎಳೆಯುತ್ತಿದ್ದ ಕುಶಲಿಗಳನ್ನೂ ಬುಕಾನನ್ನನು ಕಂಡನು. ಚಿತ್ರದುರ್ಗದ ಪ್ರಾಂತದ ಗಟ್ಟಿಹೊಸಹಳ್ಳಿಯಲ್ಲಿ ದೊರೆತ ಮೂಸೆಯ ಚೂರುಗಳು ಈ ಕಸುಬಿನ ಕುರುಹಾಗಿ ಉಳಿದು, ಇಪ್ಪತ್ತನೆಯ ಶತಮಾನದಲ್ಲಿ ಲೋಹಶಾಸ್ತ್ರಜ್ಞರ ಪರಿಶೀಲನೆಗೆ ವಸ್ತುವಾದುವು.

ಕಡ್ಡಿ ಮತ್ತು ಎಲೆಗಳು ಇಲ್ಲಿ ಬರಿಯ ಆಚಾರವಾಗಿರಲಿಲ್ಲ. ಮುಚ್ಚಿದ ಮೂಸೆಯಲ್ಲಿ ಅವು ಇದ್ದಲಾಗಿ, ಅವುಗಳ ಇಂಗಾಲವು ಕಬ್ಬಿಣದೊಳಕ್ಕೆ ಇಳಿಯುತ್ತದೆ. ಇಂಗಾಲವನ್ನು ಹೀರಿದ ಕಬ್ಬಿಣವು ಶುದ್ಧವಾದ ಕಬ್ಬಿಣಕ್ಕಿಂತ ಕಡಮೆ ಕಾವಿನಲ್ಲಿಯೇ ಕರಗುತ್ತದೆ. ಆದುದರಿಂದಲೇ ಹಳ್ಳಿಯ ಮಣ್ಣಿನ ಕುಲುಮೆಗೆ ಈ ಕಾರ್ಯವು ಸಾಧ್ಯವಾಯಿತು. ಹೀಗೆ ದೊರೆತ ಉಕ್ಕಿನಲ್ಲಿ ಸಾಮಾನ್ಯವಾಗಿ ನೂರಕ್ಕೆ ೧.೨ರಿಂದ ೧.೮ ಭಾಗದವರೆಗೆ ಇಂಗಾಲವಿರುವುದು. ಅದರ ಕಾಠಿನ್ಯಕ್ಕೂ ಸುತ್ತಿಗೆಗೆ ಸುಲಭವಾಗಿ ಮಣಿಯದಿರುವುದಕ್ಕೂ ಇದೇ ಕಾರಣ. ಬೆಳ್ಳಗೆ ಕಾಯಿಸಿ ಬಡಿಯುವ ರೂಢಿಯ ಯೂರೋಪಿನ ಕಮ್ಮಾರರ ಸುತ್ತಿಗೆಯ ಕೆಳಗೆ ಅದು ಪುಡಿಪುಡಿಯಾಗುತ್ತಿದ್ದಿತು. ಪಿಯರ್ಸನ್ನನು ಇದರ ವೈಶಿಷ್ಟ್ಯಕ್ಕೆ ಕಬ್ಬಿಣದ ಆಕ್ಸೈಡು ಕಾರಣವೆಂದು ಬಗೆದನು. ಅದು ಸಲ್ಲದೆಂದೂ ಇಂಗಾಲದ ಹೆಚ್ಚಳವೇ ಕಾರಣವೆಂದೂ ೧೮೦೫ರಲ್ಲಿ ಡೇವಿಡ್ ಮಷೆಟ್ ತೋರಿಸಿಕೊಟ್ಟನು. ವಿದ್ವಾಂಸರು ಹತ್ತು ವರ್ಷ ತೂಗಿ ಅಳೆದು ತಿಳಿದುದನ್ನು ಮೈಸೂರಿನ ಕಸುಬುದಾರನು ಕಡ್ಡಿಯ ತೂಕದಲ್ಲಿಯೂ ಎಲೆಯ ಎಣಿಕೆಯಲ್ಲಿಯೂ ಹಿಡಿದಿಟ್ಟುಕೊಂಡಿದ್ದನು.

ಲಂಡನ್ನಿನ ಕಥೆಯು ಒಂದು ಚಾಕುವಿನೊಂದಿಗೆ ಮುಗಿಯಲಿಲ್ಲ. ಕಮ್ಮಾರನ ಮಗನಾಗಿ ಹುಟ್ಟಿ, ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸದಿಂದ ವಿಜ್ಞಾನಕ್ಕೆ ಬಂದ ಮೈಕೆಲ್ ಫ್ಯಾರಡೆಯು ೧೮೧೯ರಲ್ಲಿ ಈ ಉಕ್ಕನ್ನು ವಿಶ್ಲೇಷಿಸಿದನು. ಆಮೇಲೆ ಸ್ಟೋಡಾರ್ಟನೂ ಅವನೂ ಜೊತೆಗೂಡಿ, ಉಕ್ಕಿಗೆ ಬೆಳ್ಳಿ, ಪ್ಲಾಟಿನಮ್, ರೋಡಿಯಮ್, ಕ್ರೋಮಿಯಮ್ ಮೊದಲಾದುವನ್ನು ಬೆರಸಿ ಅಲಗುಗಳಿಗೆ ಇನ್ನೂ ಮೇಲಾದ ಲೋಹವನ್ನು ಪಡೆಯಲೆಳಸಿದರು. ಅವರ ಬರಹಗಳು ೧೮೨೦ರಲ್ಲಿಯೂ ೧೮೨೨ರಲ್ಲಿಯೂ ಹೊರಬಂದುವು. ಹದ ಕೊಡುವಾಗ ಹಿಂದೂಸ್ಥಾನದ ಉಕ್ಕಿಗೆ ಇಂಗ್ಲೆಂಡಿನ ಉತ್ತಮ ಎರಕದ ಉಕ್ಕಿಗಿಂತ ೪೦ ಫ್ಯಾರನ್‌ಹೀಟ್ ಡಿಗ್ರಿಯಷ್ಟು ಹೆಚ್ಚು ಕಾವು ಬೇಕೆಂಬ ನುಡಿಯೂ ಅವುಗಳಲ್ಲಿದೆ. ಲೋಹವನ್ನು ಬದಲಿಸಿದರೆ ಹದವನ್ನೂ ಬದಲಿಸಬೇಕು. ಹಳೆಯ ಹದದಲ್ಲಿ ಹೊಸ ಉಕ್ಕು ತನ್ನ ಗುಣವನ್ನು ತೋರದು. ಉಕ್ಕಿಗೆ ಅನ್ಯಲೋಹಗಳನ್ನು ಬೆರಸುವ ಶಾಸ್ತ್ರದ ಮೊದಲ ಹೆಜ್ಜೆಗಳಲ್ಲಿ ಇವರ ಪ್ರಯೋಗಗಳಿಗೆ ಸ್ಥಾನವಿದೆ. ೧೮೨೩ರಲ್ಲಿ ಸ್ಟೋಡಾರ್ಟನು ತೀರಿಕೊಂಡನು.

ಪರೀಕ್ಷೆಯಲ್ಲಿ ಗೆದ್ದ ಉಕ್ಕು ಮಾರುಕಟ್ಟೆಯಲ್ಲಿ ಗೆಲ್ಲಲಿಲ್ಲ. ಒಂದು ಬಿಲ್ಲೆಯಂತೆ ಇನ್ನೊಂದು ಇರುತ್ತಿರಲಿಲ್ಲ, ಬಡಿಯುವುದು ಕಷ್ಟ, ಸಾವಿರಗಟ್ಟಲೆ ಅಲಗುಗಳನ್ನು ಒಂದೇ ಅಚ್ಚಿನಲ್ಲಿ ಬಯಸುವ ವ್ಯಾಪಾರಕ್ಕೆ ಇದು ಹೊಂದಲಿಲ್ಲ. ಈ ದೇಶದಲ್ಲಿಯೋ ಇದ್ದಲು ದುರ್ಲಭವಾಯಿತು, ಹಡಗಿನಲ್ಲಿ ಬರುವ ಉಕ್ಕು ಅಗ್ಗವಾಯಿತು. ಹತ್ತೊಂಬತ್ತನೆಯ ಶತಮಾನವು ಮುಗಿಯುವ ವೇಳೆಗೆ ಮೂಸೆಯ ಕುಲುಮೆಗಳು ಬಹುಮಟ್ಟಿಗೆ ಆರಿಹೋದುವು. ೧೯೨೩ರಲ್ಲಿ ಭದ್ರಾವತಿಯ ಕಾರ್ಖಾನೆಯಿಂದ ಕಬ್ಬಿಣವು ಹೊರಬಂದಾಗ ಮೈಸೂರಿಗೆ ಕಬ್ಬಿಣದ ಹೊಸ ಯುಗವೇನೋ ಪ್ರಾಪ್ತವಾಯಿತು. ಆದರೆ ಹಳೆಯ ಕುಲುಮೆಯವರ ಕೈಯ ಅರಿವು ಅದರೊಳಕ್ಕೆ ಹರಿದುಬರಲಿಲ್ಲ.

ಶೆಫೀಲ್ಡಿನಲ್ಲಿ ಹಳೆಯ ಕಥೆಯು ಮತ್ತೊಮ್ಮೆ ನಡೆಯಿತು. ೧೯೧೩ರಲ್ಲಿ ಹ್ಯಾರಿ ಬ್ರಿಯರ್ಲಿಯು ಕ್ರೋಮಿಯಮ್ ಬೆರೆತ, ತುಕ್ಕು ಹಿಡಿಯದ ಉಕ್ಕನ್ನು ಎರೆದು ಚಾಕುಗಳಿಗೆ ಬಳಸಬೇಕೆಂದಾಗ, ಅಲ್ಲಿಯ ಚಾಕುಗಾರರು ಅದನ್ನು ಬಡಿಯಲಾರೆವು, ಸಾಣೆ ಹಿಡಿಯಲಾರೆವು ಎಂದರು. ಕೊಯ್ಯದ ಚಾಕುವನ್ನು ಕಂಡುಹಿಡಿದವನೆಂದು ಅವನನ್ನು ಹಾಸ್ಯಮಾಡಿದರು. ತಕ್ಕ ಕಾವನ್ನೂ ಹದವನ್ನೂ ಅರಿತ ಮೇಲೆ ಅದೇ ಉಕ್ಕು ಮನೆಮನೆಯ ಊಟದ ಮೇಜನ್ನು ಸೇರಿತು.

ಇಂದು ಹಗುರವಾದ ಕೃತಕ ವಸ್ತುವಿನ ಹಿಡಿಯುಳ್ಳ ಮಡಚುವ ಚಾಕುಗಳನ್ನು ಕೊಂಡು, ಮೊದಲಿನ ಅಲಗನ್ನು ತೆಗೆದು ಮೇಲಾದ ಉಕ್ಕಿನ ಅಲಗನ್ನು ಕೂಡಿಸಿಕೊಳ್ಳುವ ಹವ್ಯಾಸಿಗಳು ಹಲವು ದೇಶಗಳಲ್ಲಿದ್ದಾರೆ. ಕರಗಿದ ಉಕ್ಕನ್ನು ಸೂಕ್ಷ್ಮವಾದ ಪುಡಿಯಾಗಿ ಸಿಂಪಡಿಸಿ, ಒತ್ತಿ ಒಂದಾಗಿಸಿದ ಉಕ್ಕು ಅವರಿಗೆ ಪ್ರಿಯವಾದುದು. ಅದರ ಕೆಲವು ಬಗೆಗಳಲ್ಲಿ ವನೇಡಿಯಮ್ ಎಂಬ ಧಾತು ನೂರಕ್ಕೆ ನಾಲ್ಕು ಭಾಗವಿರುತ್ತದೆ. ಹಿಂದೂಸ್ಥಾನದ ಹಳೆಯ ಉಕ್ಕಿನ ಕತ್ತಿಗಳಲ್ಲಿ ನೀರಿನ ಅಲೆಗಳಂತೆ ಹೊಳೆಯುವ ರೇಖೆಗಳಿಗೆ ಅತ್ಯಲ್ಪವಾದ ವನೇಡಿಯಮ್ ಅಂಶವು ಕಾರಣವಾಗಿರಬಹುದೆಂದು ಅಮೆರಿಕದ ಲೋಹಶಾಸ್ತ್ರಜ್ಞ ವರ್‌ಹೋವೆನ್ನನೂ ಕಮ್ಮಾರ ಪೆಂಡ್ರೆಯೂ ೧೯೯೮ರಲ್ಲಿ ಪ್ರಕಟಿಸಿದರು. ಅಂದಿನ ಅದಿರಿನಲ್ಲಿ ತಾನಾಗಿ ಬೆರೆತಿದ್ದುದನ್ನು ಇಂದಿನವರು ತೂಗಿ ಬೆರಸುತ್ತಾರೆ.

ಸ್ಕಾಟ್, ಪಿಯರ್ಸನ್, ಸ್ಟೋಡಾರ್ಟ್, ಫ್ಯಾರಡೆ ಇವರ ಹೆಸರುಗಳು ಗ್ರಂಥಗಳಲ್ಲಿವೆ. ಆ ಬಿಲ್ಲೆಯನ್ನು ಕರಗಿಸಿದವನ ಹೆಸರು ಎಲ್ಲಿಯೂ ಇಲ್ಲ. ಅವನ ಊರನ್ನು ರೇವಿನ ಹೆಸರು ಮರೆಸಿತು, ಅವನ ನುಡಿಯನ್ನು ಲಿಪಿಕಾರನ ತಪ್ಪು ಮರೆಸಿತು. ಆದರೂ ಅವನಿಂದ ಒಂದು ಪಾಠವು ಲಂಡನ್ನಿನವರೆಗೆ ತಲಪಿತು. ಈ ಉಕ್ಕನ್ನು ಬಲವಾದ ಉರಿಯಿಂದ ಗೆಲ್ಲಲಾಗದು, ಸಣ್ಣ ಕಾವಿನಲ್ಲಿ ತಾಳ್ಮೆಯಿಂದ ಬಡಿಯಬೇಕು ಎಂಬುದನ್ನು ಸ್ಟೋಡಾರ್ಟನು ತನ್ನ ಅಡಿಗಲ್ಲಿನ ಮುಂದೆ ಕಲಿತನು. ಇಂಥ ಅರಿವನ್ನು ಬರೆದಿಡುವವರು ದೊರೆತಲ್ಲಿ ಅದು ಶಾಸ್ತ್ರವಾಯಿತು; ದೊರೆಯದಲ್ಲಿ ಕುಲುಮೆಯೊಡನೆ ಆರಿತು. ಕನ್ನಡನಾಡಿನ ಹಳ್ಳಿಗಳಲ್ಲಿ ಇನ್ನೂ ಉಳಿದಿರುವ ಕಸುಬುಗಳ ಮಾತುಗಳನ್ನೂ ಹದಗಳನ್ನೂ ಬಲ್ಲವರಿಂದ ಕೇಳಿ, ಅವರ ಹೆಸರಿನೊಡನೆಯೇ ಬರೆದಿಡುವುದು ಅಕ್ಷರಸ್ಥರ ಮೇಲಿರುವ ಋಣವಾಗಿದೆ.