ಲಜ್ಜೆ ಮತ್ತು ಜ್ಞಾನ: ತೊಡೆಸಂದಿನ ರಚನೆಯನ್ನು ಅರಿತ ಕೊರ್ಡೋವಾದ ವೈದ್ಯ

ಪುರುಷರು ನಾಭಿಯಿಂದ ಮೊಣಕಾಲಿನವರೆಗಿನ ಭಾಗವನ್ನು ಮರೆಮಾಡಬೇಕೆಂಬುದು ಬಹುಪಾಲು ಇಸ್ಲಾಮೀ ಕರ್ಮಶಾಸ್ತ್ರ ಪಂಡಿತರ ಅಭಿಮತ. ತೊಡೆ ಮತ್ತು ತೊಡೆಸಂದು ಈ ‘ಔರತ್’ನ ಪರಿಧಿಯೊಳಗೆ ಬರುತ್ತವೆ. ಬಾಲ್ಯದಿಂದಲೇ ಅದನ್ನು ಮುಚ್ಚಲು ಕಲಿತ ನಾವು ಕ್ರಮೇಣ ಅದರ ಕುರಿತು ಮಾತನಾಡುವುದನ್ನೂ ಬಿಟ್ಟೆವು. ತೊಡೆಸಂದಿನಲ್ಲಿ ಗಂಟು ಕಾಣಿಸಿಕೊಂಡರೂ ಮನೆಯವರಿಗೆ ಹೇಳದೆ ದಿನ ದೂಡುವವರು ನಮ್ಮ ನಡುವೆಯೇ ಇದ್ದಾರೆ. ಈ ಮೌನವನ್ನು ನಾವು ಲಜ್ಜೆಯೆಂದು ಕರೆಯುತ್ತೇವೆ. ಆದರೆ ನಮ್ಮ ಪೂರ್ವಿಕ ವೈದ್ಯರು ಲಜ್ಜೆಯನ್ನು ಹೀಗೆ ಅರ್ಥೈಸಿಕೊಂಡಿರಲಿಲ್ಲ.

ಇಬ್ನ್ ಸೀನಾ (980–1037) ತಮ್ಮ ‘ಅಲ್‌ಖಾನೂನ್’ ಗ್ರಂಥದಲ್ಲಿ ತೊಡೆಯ ಮೂಳೆಯನ್ನು ದೇಹದ ಅತಿ ದೊಡ್ಡ ಮೂಳೆಯೆಂದು ಗುರುತಿಸಿದರು. ಮೇಲಿನ ಶರೀರದ ಭಾರವನ್ನು ಹೊರುವುದೂ ಕೆಳಗಿನ ಕಾಲನ್ನು ಚಲಿಸುವುದೂ ಅದರ ಹೊಣೆಯೆಂದು ಕಾರಣವನ್ನೂ ವಿವರಿಸಿದರು. ಅವರಿಗಿಂತ ಒಂದು ತಲೆಮಾರು ಹಿರಿಯರಾದ, ಅಂದಲೂಸಿಯಾದ ಕೊರ್ಡೋವಾ ಪ್ರದೇಶದ ಅಬುಲ್ ಖಾಸಿಮ್ ಅಝ್ಝಹ್ರಾವಿ ಈ ಅರಿವನ್ನು ಶಸ್ತ್ರಚಿಕಿತ್ಸೆಯ ಅಡಿಪಾಯವನ್ನಾಗಿಸಿದರು. ಅವರ ‘ಅತ್ತಸ್ರೀಫ್’ ಗ್ರಂಥದ 30 ಭಾಗಗಳಲ್ಲಿ ಕೊನೆಯದು ಶಸ್ತ್ರಚಿಕಿತ್ಸೆಗೆ ಮೀಸಲು.

ಅಂಗರಚನೆಯನ್ನು ಅರಿಯದವನು ರೋಗಿಯನ್ನು ಕೊಲ್ಲುವ ಪ್ರಮಾದಕ್ಕೆ ಬೀಳುತ್ತಾನೆಂದು ಆ ಭಾಗದ ಆರಂಭದಲ್ಲೇ ಅವರು ಎಚ್ಚರಿಸುತ್ತಾರೆ. ಸ್ತ್ರೀಯೋರ್ವಳ ಕುತ್ತಿಗೆಯ ಗಂಟನ್ನು ಕೊಯ್ಯಲು ಹೋಗಿ ರಕ್ತನಾಳವನ್ನೇ ಕತ್ತರಿಸಿದ ಅಜ್ಞಾನಿ ವೈದ್ಯನ ಕೈಯಲ್ಲಿ ಆಕೆ ರಕ್ತಸ್ರಾವದಿಂದ ಮೃತಪಟ್ಟುದನ್ನು ಉದಾಹರಿಸುತ್ತಾರೆ.

ತೊಡೆಸಂದಿನ ವಿಷಯದಲ್ಲಿ ಈ ಎಚ್ಚರ ಇನ್ನಷ್ಟು ಅಗತ್ಯ. ಕಾಲಿಗೆ ರಕ್ತ ಒಯ್ಯುವ ಪ್ರಧಾನ ಅಪಧಮನಿ, ಅದನ್ನು ಮರಳಿ ತರುವ ಅಭಿಧಮನಿ ಹಾಗೂ ತೊಡೆಯ ನರ ಅಲ್ಲಿ ಅಕ್ಕಪಕ್ಕದಲ್ಲೇ ಸಾಗುತ್ತವೆ. ಪುರುಷರಲ್ಲಿ ವೃಷಣಕ್ಕೆ ಸಂಬಂಧಿಸಿದ ನಾಳಗಳು ಹೊಟ್ಟೆಯ ಗೋಡೆಯನ್ನು ದಾಟಿ ಇಳಿಯುವ ಸ್ಥಳ ಸ್ವಭಾವತಃ ದುರ್ಬಲ. ಅಲ್ಲಿಂದ ಕರುಳು ಹೊರಜಾರುವುದೇ ಹರ್ನಿಯಾ. ಅದಕ್ಕೆ ಕಾಯಿಸಿದ ಲೋಹದಿಂದ ಚಿಕಿತ್ಸೆ ನೀಡುವ ಕ್ರಮವನ್ನು ಅಝ್ಝಹ್ರಾವಿ ಹೀಗೆ ವಿವರಿಸಿದ್ದಾರೆ: ಉಸಿರು ಬಿಗಿಹಿಡಿಯುವಂತೆ ರೋಗಿಗೆ ಹೇಳಬೇಕು, ಕರುಳು ಹೊರಬಂದ ಜಾಗವನ್ನು ಗುರುತಿಸಬೇಕು, ಅದನ್ನು ಬೆರಳಿನಿಂದ ಒಳಗೆ ತಳ್ಳಿದ ನಂತರವೇ ಸುಡಬೇಕು. ಸುಡುವಾಗ ಕರುಳು ಮತ್ತೆ ಇಳಿದರೆ ರೋಗಿಯ ಪ್ರಾಣಕ್ಕೇ ಅಪಾಯವೆಂದೂ ಅವರು ಎಚ್ಚರಿಸಿದ್ದಾರೆ.

ಹಾಗಾದರೆ ಅವರಿಗೆ ಲಜ್ಜೆಯ ಪರಿವೆ ಇರಲಿಲ್ಲವೇ? ಖಂಡಿತ ಇತ್ತು. ಸ್ತ್ರೀಯರ ಮೂತ್ರಕೋಶದ ಕಲ್ಲಿನ ಚಿಕಿತ್ಸೆಯ ಅಧ್ಯಾಯದಲ್ಲಿ, ಪರಪುರುಷನ ಮುಂದೆ ಸ್ತ್ರೀಯರು ಸಂಕೋಚಪಡುವುದನ್ನು ಅವರು ಗೌರವದಿಂದ ಪ್ರಸ್ತಾಪಿಸುತ್ತಾರೆ. ಆದರೆ ಚಿಕಿತ್ಸೆಯನ್ನು ಕೈಬಿಡುವುದಿಲ್ಲ. ನುರಿತ ವೈದ್ಯೆಯನ್ನು ಹುಡುಕಬೇಕು. ಸಿಗದಿದ್ದರೆ ಅನುಭವಿ ಸೂಲಗಿತ್ತಿಗೆ ಹಂತಹಂತವಾಗಿ ಹೇಳಿಕೊಟ್ಟು ಮಾಡಿಸಬೇಕು ಎನ್ನುತ್ತಾರೆ. ಲಜ್ಜೆ ಅವರಿಗೆ ಚಿಕಿತ್ಸೆಯ ವಿಧಾನವನ್ನು ಕಲಿಸಿತೇ ಹೊರತು ಚಿಕಿತ್ಸೆಗೆ ಅಡ್ಡಿಯಾಗಲಿಲ್ಲ. ಅನಿವಾರ್ಯತೆಯು ನಿಷಿದ್ಧವನ್ನು ಅನುವದನೀಯಗೊಳಿಸುತ್ತದೆ, ಆದರೆ ಅಗತ್ಯವಿರುವಷ್ಟಕ್ಕೆ ಮಾತ್ರ ಎಂಬ ಕರ್ಮಶಾಸ್ತ್ರದ ತತ್ವವೂ ಇದನ್ನೇ ಹೇಳುತ್ತದೆ.

ಹನ್ನೆರಡನೇ ಶತಮಾನದಲ್ಲಿ ಕ್ರೆಮೋನಾದ ಜೆರಾರ್ಡ್ ಈ ಶಸ್ತ್ರಚಿಕಿತ್ಸಾ ಭಾಗವನ್ನು ಲ್ಯಾಟಿನ್‌ಗೆ ಅನುವಾದಿಸಿದರು. ಯುರೋಪಿನ ವೈದ್ಯರು ಅದನ್ನು ಶತಮಾನಗಳ ಕಾಲ ಓದಿದರು. ಅದರ ವಾರಸುದಾರರೆಂದು ಹೆಮ್ಮೆಪಡುವ ನಾವೋ, ಬಟ್ಟೆಯಿಂದ ಮುಚ್ಚಬೇಕಾದುದನ್ನು ಅಜ್ಞಾನದಿಂದಲೂ ಮುಚ್ಚಿಬಿಟ್ಟೆವು. ಒಳಗೆ ಹೋಗದೆ ಸಿಕ್ಕಿಕೊಂಡ ಕರುಳಿಗೆ ರಕ್ತ ಹರಿಯುವುದು ನಿಂತರೆ ಕೆಲವೇ ಗಂಟೆಗಳಲ್ಲಿ ಅದು ಕೊಳೆಯತೊಡಗುತ್ತದೆ. ಆಗ ಸಂಕೋಚಕ್ಕೆ ತೆರುವ ಬೆಲೆ ಪ್ರಾಣವೇ ಆಗಬಹುದು. ಶರೀರವು ಅಲ್ಲಾಹನು ನಮಗೆ ವಹಿಸಿಕೊಟ್ಟ ಅಮಾನತ್ತು. ಅದನ್ನು ಮರೆಮಾಡುವುದು ಎಷ್ಟು ಕರ್ತವ್ಯವೋ, ಅರಿತು ಕಾಪಾಡುವುದೂ ಅಷ್ಟೇ ಕರ್ತವ್ಯ.