ರೆಕಾರ್ಡ್ ಪುಸ್ತಕದ ಹೊಗೆಸೊಪ್ಪು

ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಓದುವಾಗ ಟಿಎಂವಿ ಎಂಬ ವೈರಸ್ಸಿನ ಚಿತ್ರ ಬರೆದು ಹತ್ತಕ್ಕೆ ಒಂಬತ್ತು ಅಂಕ ತೆಗೆದುಕೊಂಡಿದ್ದೆ. ಉದ್ದನೆಯ ಕಡ್ಡಿ, ಅದರ ಸುತ್ತ ಜೋಳದ ತೆನೆಯ ಕಾಳಿನಂತೆ ಕೂತ ಪ್ರೋಟೀನು. ಆರ್‌ಎನ್‌ಎಯನ್ನು ಕಡ್ಡಿಯ ನಡುವಿನ ಟೊಳ್ಳಿನಲ್ಲಿ ಬರೆದದ್ದಕ್ಕೆ ಒಂದಂಕ ಹೋಯಿತು. ಹೆಸರಿನ ಮೊದಲಕ್ಷರ ‘ಟೊಬ್ಯಾಕೊ’, ಅಂದರೆ ಪಿರಿಯಾಪಟ್ಟಣದ ಹತ್ತಿರ ನಮ್ಮಪ್ಪ ಬೆಳೆಯುವ ಹೊಗೆಸೊಪ್ಪು, ಅಂತ ಆಗ ಹೊಳೆಯಲೇ ಇಲ್ಲ. ನನ್ನ ಫೀಸು ಕಟ್ಟಿದ್ದೂ ಅದೇ ಸೊಪ್ಪು.

ಅಪ್ಪನಿಗೆ ವೈರಸ್ ಅನ್ನುವ ಪದ ಗೊತ್ತಿರಲಿಲ್ಲ. ಆದರೆ ಸಸಿ ಮಡಿಯ ಹತ್ತಿರ ಬೀಡಿ ಹಚ್ಚಿದವರನ್ನು ಕಂಡರೆ ಕೂಗುತ್ತಿದ್ದ: “ಬೀಡಿ ಕೈಲಿ ಸಸಿ ಮುಟ್‌ಬ್ಯಾಡ್ರಲಾ!” ಎಲೆಯ ಮೇಲೆ ತಿಳಿಹಸಿರು, ಕಡುಹಸಿರು ಮಚ್ಚೆ ಎದ್ದ ಗಿಡ ಕಂಡರೆ ಕಿತ್ತು ದೂರ ಹೂಳಿಸಿ, ಕಿತ್ತವರಿಂದ ಸೋಪು ಹಾಕಿ ಕೈ ತೊಳೆಸುತ್ತಿದ್ದ. ಹುಣಸೂರಿನ ತಂಬಾಕು ಸಂಶೋಧನಾ ಕೇಂದ್ರದವರು ಹೇಳಿಕೊಟ್ಟ ಪಾಠ ಅದು. ಆ ಮಚ್ಚೆ ಟಿಎಂವಿಯದೆಂಬುದೂ, ಆ ಪಾಠದ ಕಾರಣವೂ ನನಗೆ ತಿಳಿದದ್ದು ನಾನೇ ಮೇಷ್ಟರಾದ ಮೇಲೆ. ಬ್ಯಾರನ್ನಿನಲ್ಲಿ, ಅಂದರೆ ಬೆಂಕಿಯ ಕಾವಿನಲ್ಲಿ ಒಣಗಿಸುವ ಮನೆಯಲ್ಲಿ, ಸೊಪ್ಪು ಹದವಾಗುವಾಗ ಕೊನೆಗೆ ಕಾವು 160 ಡಿಗ್ರಿ ಫ್ಯಾರನ್‌ಹೀಟಿಗೆ, ಅಂದರೆ 71 ಸೆಲ್ಸಿಯಸ್ಸಿಗೆ ಏರುತ್ತದೆ. ಟಿಎಂವಿ ಸಾಯಬೇಕಾದರೆ 90 ದಾಟಬೇಕು. ಹಾಗಾಗಿ ಬ್ಯಾರನ್ ದಾಟಿ, ಬೇಲ್ ದಾಟಿಯೂ ಅದು ಉಳಿದಿರುತ್ತದೆ; ಬೀಡಿ ಸಿಗರೇಟಿನ ಪುಡಿಯಲ್ಲೂ ಇರುತ್ತದೆ. ಬೆರಳಿನಿಂದ ಸಸಿಗೆ ಹತ್ತುವುದು ಎಷ್ಟು ಹೊತ್ತಿನ ಕೆಲಸ?

ಈ ಮಚ್ಚೆಯನ್ನು ಹಿಡಿದು ಕೂತವರು ನೆದರ್‌ಲ್ಯಾಂಡಿನವರು, ರಷ್ಯಾದವರು. ರೋಗದ ಎಲೆ ಅರೆದು, ಆ ರಸವನ್ನು ಒಳ್ಳೆಯ ಗಿಡಕ್ಕೆ ಸೇರಿಸಿದರೆ ಅದಕ್ಕೂ ರೋಗ ಬರುತ್ತದೆಂದು ಅಡಾಲ್ಫ್ ಮೇಯರ್ 1886ರಲ್ಲಿ ಬರೆದರು. 1892ರಲ್ಲಿ ಇವಾನೊವ್‌ಸ್ಕಿ ಅದೇ ರಸವನ್ನು ಬ್ಯಾಕ್ಟೀರಿಯಾ ನುಸುಳಲಾಗದ ಪಿಂಗಾಣಿ ಸೋಸಕದಲ್ಲಿ ಸೋಸಿದರು. ಸೋಸಿದ ನೀರೂ ರೋಗ ತಂತು. ಬ್ಯಾಕ್ಟೀರಿಯಾಕ್ಕಿಂತ ಬೇರೆಯದೇ ಏನೋ ಇದೆ ಎಂದು 1898ರಲ್ಲಿ ಬೈಯರಿಂಕ್ ಹೇಳಿದರು. ಅಮೆರಿಕದ ಸ್ಟ್ಯಾನ್ಲಿ 1935ರಲ್ಲಿ ರಾಶಿಗಟ್ಟಲೆ ಎಲೆ ಹಿಂಡಿ ವೈರಸ್ಸನ್ನು ಸಕ್ಕರೆ ಹರಳಿನ ಹಾಗೆ ಹರಳುಗಟ್ಟಿಸಿದರು. ಬಾಟಲಿಯಲ್ಲಿ ಉಪ್ಪಿನಂತೆ ಕೂತದ್ದು ಎಲೆಗೆ ತಾಗಿದರೆ ಮತ್ತೆ ಮರಿ ಹಾಕುತ್ತಿತ್ತು. 1956ರಲ್ಲಿ ಪ್ರೋಟೀನು ಕಳಚಿ ಬರಿಯ ಆರ್‌ಎನ್‌ಎಯನ್ನು ಎಲೆಗೆ ಸವರಿದರೂ ರೋಗ ಬಂತು. ವಂಶದ ಲೆಕ್ಕಪತ್ರ ಆರ್‌ಎನ್‌ಎಯಲ್ಲೂ ಇರಬಹುದೆಂದು ತೋರಿಸಿಕೊಟ್ಟದ್ದು ಹೊಗೆಸೊಪ್ಪಿನ ಎಲೆ. ಆ ಆರ್‌ಎನ್‌ಎ ಟೊಳ್ಳಿನಲ್ಲಿಲ್ಲ, ಪ್ರೋಟೀನಿನ ಸಂದಿನಲ್ಲಿ ಸುರುಳಿಯಾಗಿ ಹುದುಗಿದೆ ಎಂದು ಕಂಡುಕೊಂಡವರು ರೊಸಾಲಿಂಡ್ ಫ್ರಾಂಕ್ಲಿನ್. ನನ್ನ ಒಂದಂಕ ಕಿತ್ತುಕೊಂಡವರು ಅವರೇ ಅನ್ನಬೇಕು.

ಹುಣಸೂರಿನ ಕಡೆ ಕಾಲೇಜಿನಲ್ಲಿ ಪಾಠ ಮಾಡಲು ಶುರುಮಾಡಿದಾಗ ಜೀವಕೋಶ ತೋರಿಸಲು ಈರುಳ್ಳಿ ಸಿಪ್ಪೆಯೇ ಗತಿ. ಒಂದು ಆಗಸ್ಟಿನಲ್ಲಿ ಹೊಗೆಸೊಪ್ಪಿನ ಎಲೆ ತಂದು, ಅಡಿಭಾಗದ ಸಿಪ್ಪೆ ಎಬ್ಬಿಸಿ, ಒಂದು ಹನಿ ನೀರಿನ ಮೇಲೆ ಗಾಜಿನ ಹೊದಿಕೆ ಇಡಿಸಿದೆ. ಬೇಗ, ಹರಿಯದಂತೆ ಸಿಪ್ಪೆ ಎಬ್ಬಿಸಿದವರು ಮನೆಯಲ್ಲಿ ಕಡ್ಡಿಗೆ ಎಲೆ ಪೋಣಿಸುವ ಹುಡುಗಿಯರು, ಬೆರಳು ಪಳಗಿತ್ತು. ಸೂಕ್ಷ್ಮದರ್ಶಕದಲ್ಲಿ ಕೋಶದ ಮೇಲೆ ಕೋಶ ಕೂತು ತುದಿಯಲ್ಲಿ ಗುಂಡುತಲೆ ಇರುವ ಕೂದಲುಗಳು ಕಂಡವು. “ಸಾ, ಕೈಗೆ ಕಪ್ಪಗೆ ಅಂಟೋದು ಇದೇನಾ?” ಅಂದಳು ಒಬ್ಬಳು. ಇದೇ. ಎಷ್ಟು ತೊಳೆದರೂ ಹೋಗದ ಆ ಅಂಟು ಒಸರುವುದು ಆ ಗುಂಡುತಲೆಯಿಂದ. ಮೂವತ್ತು ವರ್ಷದ ನೌಕರಿಯಲ್ಲಿ ನನಗೆ ಸಿಕ್ಕ ಅತ್ಯುತ್ತಮ ಪ್ರಶ್ನೆ ಅದು. ಸಿಲಬಸ್ಸಿನಲ್ಲಿ ಇರಲಿಲ್ಲ ಅನ್ನುವುದು ಬೇರೆ ಮಾತು.

ಬೇರಿನ ತುದಿ ಜಜ್ಜಿ ಕ್ರೋಮೊಸೋಮು ಎಣಿಸಲು ಮಾತ್ರ ಈರುಳ್ಳಿಗೇ ವಾಪಸು ಹೋದೆವು. ಅದರಲ್ಲಿ 16, ದಪ್ಪ ದಪ್ಪ. ಹೊಗೆಸೊಪ್ಪಿನಲ್ಲಿ 48, ಸಣ್ಣ ಸಣ್ಣ; ಎರಡು ಕಾಡುಜಾತಿಗಳು ಬೆರೆತು ಹುಟ್ಟಿದ ಗಿಡ ಅದು.

ಈ ಬೆಳೆಯ ಕೇಡನ್ನು ನಾನು ಮುಚ್ಚಿಡುವುದಿಲ್ಲ. ಬ್ಯಾರನ್ನಿಗೆ ಸುಟ್ಟ ಸೌದೆಯನ್ನೂ, ಸೇದಿ ಸತ್ತವರನ್ನೂ ನೋಡಿದ್ದೇನೆ. ಅಪ್ಪ ಹೋದ ಮೇಲೆ ತಮ್ಮ ಹೊಗೆಸೊಪ್ಪು ಬಿಟ್ಟು ಬಾಳೆ ಹಾಕಿದ. “ಆ ಸೊಪ್ಪಿನ ಸಹವಾಸ ಸಾಕಣ್ಣ” ಅಂದ. ತಂದದ್ದು ಅಂಗಾಂಶ ಕೃಷಿಯ ಸಸಿ. ಅಂಥ ಸಸಿಗಳನ್ನು ಬಾಟಲಿಯೊಳಗೆ ಬೆಳೆಸಲು ಎಲ್ಲ ಕಡೆ ಬಳಸುವ ಪೋಷಕ ಪಾಕವನ್ನು ಮುರಶಿಗೆ ಮತ್ತು ಸ್ಕೂಗ್ ಎಂಬಿಬ್ಬರು 1962ರಲ್ಲಿ ಪ್ರಕಟಿಸಿದರು. ಅವರು ಅದನ್ನು ಸಿದ್ಧಪಡಿಸಿದ್ದು ಹೊಗೆಸೊಪ್ಪಿನ ಅಂಗಾಂಶಕ್ಕೆ.