ಬೆಳೆಗಳ ಪರಾಗಸ್ಪರ್ಶಕ್ಕಾಗಿ ತುಡುವೆ ಜೇನು ಕುಟುಂಬಗಳ ನಿರ್ವಹಣೆ: ಅರ್ಜಿದಾರರ ಮಾಹಿತಿಗಾಗಿ

ಮಂಗಳೂರು ನಗರ ಹಾಗೂ ಸುತ್ತಲಿನ ಗ್ರಾಮಗಳಿಂದ ಸಹಾಯಧನದ ಜೇನು ಪೆಟ್ಟಿಗೆಗಾಗಿ ಅರ್ಜಿ ಸಲ್ಲಿಸುವವರು ಉದ್ದೇಶದ ಅಂಕಣದಲ್ಲಿ "ಜೇನುತುಪ್ಪ ಉತ್ಪಾದನೆ" ಎಂದು ನಮೂದಿಸುವುದು ವಾಡಿಕೆಯಾಗಿದೆ. ಇದರಲ್ಲಿ ತಪ್ಪೇನಿಲ್ಲ. ಆದರೆ ತರಕಾರಿ, ಗೇರು ಅಥವಾ ತೆಂಗು ಬೆಳೆಯುವ ಕೃಷಿಕರಿಗೆ ಜೇನುನೊಣದಿಂದ ದೊರೆಯುವ ಹೆಚ್ಚಿನ ಲಾಭವು ತುಪ್ಪದ ಬಾಟಲಿಯಲ್ಲಿ ಕಾಣಿಸದೆ, ಕಾಯಿ ಕಚ್ಚುವ ಪ್ರಮಾಣದಲ್ಲಿ ಅಡಗಿರುತ್ತದೆ. ಲೆಕ್ಕಪುಸ್ತಕದ ಭಾಷೆಯಲ್ಲಿ ಹೇಳುವುದಾದರೆ, ತುಪ್ಪದ ಆದಾಯ ಜೇನಿನ ಖಾತೆಗೆ ಜಮೆಯಾಗುತ್ತದೆ. ಪರಾಗಸ್ಪರ್ಶದ ಆದಾಯ ತೋಟದ ಖಾತೆಗೆ ಜಮೆಯಾಗುವುದರಿಂದ ಯಾರೂ ಅದನ್ನು ಜೇನಿನ ಹೆಸರಿನಲ್ಲಿ ಬರೆಯುವುದಿಲ್ಲ. ಸಹಾಯಧನದಡಿ ಪಡೆದ ಪೆಟ್ಟಿಗೆಯು ಮರುವರ್ಷದ ಮಳೆಗಾಲ ಮುಗಿಯುವಷ್ಟರಲ್ಲಿ ಖಾಲಿಯಾಗಿ ಮನೆಯ ಚಾವಡಿ ಸೇರುವುದಕ್ಕೆ ಈ ಅಲಕ್ಷ್ಯವೂ ಒಂದು ಕಾರಣವಾಗಿದೆ. ಆದುದರಿಂದ ಅರ್ಜಿ ಸಲ್ಲಿಸುವ ಮುನ್ನ ಈ ಕೆಳಗಿನ ಅಂಶಗಳನ್ನು ಗಮನಿಸುವಂತೆ ಕೋರಲಾಗಿದೆ.

ಯಾವ ಜೇನು?

ಕರಾವಳಿಯಲ್ಲಿ ಹೆಜ್ಜೇನು, ಕೋಲು ಜೇನು, ತುಡುವೆ ಜೇನು ಮತ್ತು ಚುಚ್ಚದ ಮುಜಂಟಿ ಜೇನು ಸ್ವಾಭಾವಿಕವಾಗಿಯೇ ಇವೆ. ಇವುಗಳ ಪೈಕಿ ಮರದ ಪೊಟರೆ, ಹುತ್ತ ಮುಂತಾದ ಕತ್ತಲೆಯ ಜಾಗಗಳಲ್ಲಿ ಹಲವು ಸಮಾನಾಂತರ ಎರಿಗಳನ್ನು ಕಟ್ಟುವ ತುಡುವೆಯನ್ನು ಪೆಟ್ಟಿಗೆಯಲ್ಲಿ ಸಾಕಬಹುದು. ಯುರೋಪಿನ ಮೆಲ್ಲಿಫೆರಾ ಜೇನು ಹೆಚ್ಚು ತುಪ್ಪ ಕೊಡುವುದು ನಿಜ. ಆದರೆ ಅದಕ್ಕೆ ಹೂವಿನ ವಿಸ್ತಾರವಾದ ಕ್ಷೇತ್ರ, ಊರಿಂದೂರಿಗೆ ಸ್ಥಳಾಂತರ ಹಾಗೂ ವರೋವಾ ನುಸಿಯ ನಿಯಂತ್ರಣ ಅವಶ್ಯವಾಗಿದೆ. ಸಣ್ಣ ಹಿಡುವಳಿಯ ಕರಾವಳಿ ಕೃಷಿಕರಿಗೆ ತುಡುವೆಯೇ ಸೂಕ್ತ. ಇದು ವರೋವಾ ನುಸಿಯನ್ನು ಬಹುಮಟ್ಟಿಗೆ ತಾನೇ ತಾಳಿಕೊಳ್ಳುತ್ತದೆ.

ಯಾವ ಬೆಳೆಗೆ ಜೇನು ಬೇಕು, ಯಾವುದಕ್ಕೆ ಬೇಡ?

ಸೌತೆ, ಕುಂಬಳ, ಬೂದುಗುಂಬಳ, ಹಾಗಲ ಮತ್ತು ಕಲ್ಲಂಗಡಿ ಬೆಳೆಗಳಲ್ಲಿ ಗಂಡು ಹೂ ಮತ್ತು ಹೆಣ್ಣು ಹೂಗಳು ಬೇರೆ ಬೇರೆಯಾಗಿರುತ್ತವೆ. ಪರಾಗವು ಅಂಟುಅಂಟಾಗಿದ್ದು ಗಾಳಿಗೆ ಹಾರುವುದಿಲ್ಲ. ಹೂವು ಬೆಳಗಿನ ಜಾವ ಅರಳಿ ಅದೇ ದಿನ ಬಾಡುತ್ತದೆ. ಅಂದರೆ ಹೆಣ್ಣು ಹೂವಿಗೆ ದೊರೆಯುವ ಅವಕಾಶ ಒಂದು ಬೆಳಗಿನ ಕೆಲವು ಗಂಟೆಗಳು ಮಾತ್ರ. ನೊಣ ಬಾರದಿದ್ದರೆ ಮಿಡಿ ಹಳದಿಯಾಗಿ ಉದುರುತ್ತದೆ. ಸಾಲದಷ್ಟು ಬಂದರೆ ಕಾಯಿಯ ಒಂದು ತುದಿ ದಪ್ಪವಾಗಿ ಇನ್ನೊಂದು ತುದಿ ಸೊರಗಿ ಸೊಟ್ಟಗಾಗುತ್ತದೆ. ಇಂತಹ ಸೊಟ್ಟ ಕಾಯಿಗಳನ್ನು ಕಂಡೊಡನೆ ಗೊಬ್ಬರದ ಕೊರತೆಯೆಂದು ತೀರ್ಮಾನಿಸಿ ಇನ್ನಷ್ಟು ಯೂರಿಯಾ ಹಾಕುವವರಿದ್ದಾರೆ. ಮೊದಲು ಬೆಳಿಗ್ಗೆ ಏಳರಿಂದ ಒಂಬತ್ತರ ನಡುವೆ ಗದ್ದೆಯಲ್ಲಿ ಹತ್ತು ನಿಮಿಷ ನಿಂತು, ಹೂವಿಗೆ ನೊಣಗಳು ಬರುತ್ತಿವೆಯೇ ಎಂದು ನೋಡುವುದು ಖರ್ಚಿಲ್ಲದ ಪರೀಕ್ಷೆ.

ಆದರೆ ಇದೇ ಜಾತಿಯ ಎಲ್ಲ ಬಳ್ಳಿಗಳಿಗೂ ಈ ಮಾತು ಅನ್ವಯಿಸುವುದಿಲ್ಲ. ಪಡುವಲ, ಸೋರೆ ಮತ್ತು ಏಣಿನ ಹೀರೆಯ ಹೂಗಳು ಸಂಜೆಯ ಹೊತ್ತಿಗೆ ಅರಳುತ್ತವೆ. ಅಷ್ಟರಲ್ಲಿ ತುಡುವೆ ನೊಣಗಳು ಗೂಡು ಸೇರಿರುತ್ತವೆ. ಇವುಗಳ ಕೆಲಸವನ್ನು ಮುಖ್ಯವಾಗಿ ಪತಂಗಗಳು ಮಾಡುತ್ತವೆ. ಕೇವಲ ಪಡುವಲ ಬೆಳೆಯುವವರು ಪರಾಗಸ್ಪರ್ಶದ ನಿರೀಕ್ಷೆಯಿಂದ ಪೆಟ್ಟಿಗೆ ಪಡೆದರೆ ನಿರಾಶರಾಗುವರು.

ಹಾಗೆಯೇ ಕೋಕೋ ಹೂವಿನ ಪರಾಗಸ್ಪರ್ಶ ಮಾಡುವುದು ಅತಿ ಸಣ್ಣ ನುಸಿಯಂತಹ ನೊಣಗಳು, ಜೇನಲ್ಲ. ಕಾಳುಮೆಣಸಿನಲ್ಲಿ ಮಳೆಹನಿಗಳ ಪಾತ್ರವೇ ಮುಖ್ಯ. ಬಾಳೆಗೆ ಪರಾಗಸ್ಪರ್ಶದ ಅಗತ್ಯವೇ ಇಲ್ಲ. ಅಡಿಕೆಯಲ್ಲಿ ಪರಾಗವನ್ನು ಪ್ರಧಾನವಾಗಿ ಗಾಳಿ ಒಯ್ಯುತ್ತದೆ. ಆದರೂ ಹಿಂಗಾರದ ಪರಾಗವು ಜೇನು ಕುಟುಂಬಕ್ಕೆ ಒಳ್ಳೆಯ ಆಹಾರವಾದ್ದರಿಂದ ಅಡಿಕೆ ತೋಟವು ಪೆಟ್ಟಿಗೆಗೆ ಆಶ್ರಯಸ್ಥಾನವಾಗಬಲ್ಲದು. ತೆಂಗಿನ ವಿಷಯ ಬೇರೆ. ಎತ್ತರದ ತಳಿಗಳಲ್ಲಿ ಒಂದು ಹೊಂಬಾಳೆಯ ಗಂಡು ಹೂಗಳು ಉದುರಿದ ಬಳಿಕವೇ ಅದರ ಹೆಣ್ಣು ಹೂಗಳು ಪಕ್ವವಾಗುವುದರಿಂದ ಪರಾಗವು ಇನ್ನೊಂದು ಮರದಿಂದ ಬರಬೇಕಾಗುತ್ತದೆ. ಗಾಳಿಯ ಜೊತೆಗೆ ಜೇನುನೊಣಗಳೂ ಈ ಕೆಲಸ ಮಾಡುತ್ತವೆ.

ಗೇರಿನ ಗೊಂಚಲಿನಲ್ಲಿ ಬಹುಪಾಲು ಗಂಡು ಹೂಗಳಿದ್ದು, ಕಾಯಿ ಕಚ್ಚಬಲ್ಲ ದ್ವಿಲಿಂಗಿ ಹೂಗಳು ಕಡಿಮೆ. ಇಲ್ಲಿ ಕೀಟಗಳ ಭೇಟಿ ಅವಶ್ಯ. ಆದರೆ ಪುತ್ತೂರು ಭಾಗದ ಗೇರು ತೋಪುಗಳಲ್ಲಿ ನಡೆದಿರುವ ಅಧ್ಯಯನಗಳಲ್ಲಿ ನೆಲದಲ್ಲಿ ಬಿಲ ಮಾಡಿಕೊಂಡು ಒಂಟಿಯಾಗಿ ಬದುಕುವ ಸಣ್ಣ ಕಾಡು ನೊಣಗಳೇ ಮುಖ್ಯ ಪರಾಗಸ್ಪರ್ಶಿಗಳೆಂದು ಕಂಡುಬಂದಿದೆ. ಪೆಟ್ಟಿಗೆ ಇಟ್ಟ ಮೇಲೆ ಇವುಗಳನ್ನು ಮರೆಯತಕ್ಕದ್ದಲ್ಲ. ಗೇರು ತೋಪಿನ ಇಡೀ ನೆಲವನ್ನು ಯಂತ್ರದಿಂದ ಕೆರೆಯದೆ, ಬದುಗಳಲ್ಲಿ ಕುರುಚಲು ಹೂಗಿಡಗಳನ್ನು ಉಳಿಸಿಕೊಳ್ಳುವುದು ಇವುಗಳಿಗೆ ಸಾಕು.

ರಬ್ಬರ್ ತೋಟದ ಬಗ್ಗೆ ಒಂದು ಮಾತು. ಜನವರಿಯಿಂದ ಮಾರ್ಚ್‌ವರೆಗೆ ಚಿಗುರೊಡೆಯುವ ರಬ್ಬರ್ ಎಲೆಗಳ ತೊಟ್ಟಿನ ತುದಿಯ ಗ್ರಂಥಿಗಳಿಂದ ಮಕರಂದ ಒಸರುತ್ತದೆ. ಜಿಲ್ಲೆಯ ಜೇನುತುಪ್ಪದ ಗಣನೀಯ ಭಾಗ ಇದರಿಂದಲೇ ಬರುತ್ತದೆ. ಆದರೆ ಬೇಸಿಗೆ ತರಕಾರಿ ಹೂಬಿಡುವ ಕಾಲವೂ ಇದೇ ಆಗಿದೆ. ಪೆಟ್ಟಿಗೆಯನ್ನು ರಬ್ಬರ್ ತೋಟದಲ್ಲಿಟ್ಟು ದೂರದ ಗದ್ದೆಯ ಸೌತೆಗೂ ನೊಣ ಬರಲೆಂದು ನಿರೀಕ್ಷಿಸುವುದು ಸರಿಯಲ್ಲ. ಯಾವ ಪೆಟ್ಟಿಗೆ ಯಾವ ಕೆಲಸಕ್ಕೆ ಎಂಬುದನ್ನು ಮೊದಲೇ ನಿರ್ಧರಿಸಿಕೊಳ್ಳಬೇಕು.

ಕುಟುಂಬದ ಬಲ

ಪರಾಗಸ್ಪರ್ಶ ಮಾಡುವುದು ಪೆಟ್ಟಿಗೆಯಲ್ಲ, ಅದರೊಳಗಿನ ನೊಣಗಳು. ಎರಡು ಎರಿಗಳಷ್ಟೇ ನೊಣವಿರುವ ನಾಲ್ಕು ಪೆಟ್ಟಿಗೆಗಳಿಗಿಂತ ಐದಾರು ಎರಿಗಳ ಎರಡೂ ಬದಿ ನೊಣ ತುಂಬಿದ ಒಂದು ಪೆಟ್ಟಿಗೆ ಮೇಲು. ದುರ್ಬಲ ಕುಟುಂಬದಲ್ಲಿ ಹೆಚ್ಚಿನ ನೊಣಗಳು ಮರಿಗಳ ಆರೈಕೆಗೇ ಬೇಕಾಗಿ, ಹೊರಗೆ ಹೋಗುವ ನೊಣಗಳು ಬೆರಳೆಣಿಕೆಯಷ್ಟಾಗುತ್ತವೆ. ಸಂಸಾರ ಕೋಣೆಯಲ್ಲಿ ಮೊಟ್ಟೆ ಇಡುತ್ತಿರುವ ರಾಣಿ ಮತ್ತು ಬೆಳೆಯುತ್ತಿರುವ ಹುಳುಗಳು ಇರಲೇಬೇಕು. ಹುಳುಗಳಿಗೆ ಪರಾಗವೇ ಆಹಾರವಾದ್ದರಿಂದ, ಹುಳುಗಳು ಹೆಚ್ಚಿದಷ್ಟೂ ಕೆಲಸಗಾರ ನೊಣಗಳು ಪರಾಗಕ್ಕಾಗಿ ಹೂವಿನಿಂದ ಹೂವಿಗೆ ಹೋಗುತ್ತವೆ. ಕುಟುಂಬ ಖರೀದಿಸುವಾಗ ಮುಚ್ಚಳ ತೆರೆಯುವ ಮೊದಲು ಬಾಗಿಲಲ್ಲಿ ನಿಂತು, ಕಾಲುಗಳಲ್ಲಿ ಬಣ್ಣದ ಪರಾಗದ ಉಂಡೆ ಹೊತ್ತು ಬರುವ ನೊಣಗಳಿವೆಯೇ ಎಂದು ನೋಡತಕ್ಕದ್ದು.

ತೋಟದಲ್ಲಿ ಇರಿಸುವ ಕ್ರಮ

ತುಡುವೆಗೆ ಹೆಕ್ಟೇರಿಗೆ ಐದು ಕುಟುಂಬಗಳೆಂಬುದು ಸಾಮಾನ್ಯ ಶಿಫಾರಸು. ಹೆಚ್ಚಿನ ಅರ್ಜಿದಾರರ ಹಿಡುವಳಿ ಸೆಂಟ್ಸ್ ಲೆಕ್ಕದಲ್ಲಿರುವುದರಿಂದ ಒಂದೆರಡು ಪೆಟ್ಟಿಗೆಗಳು ಸಾಕಾಗುತ್ತವೆ. ಜೇನುನೊಣವು ಪಹಣಿಯ ಗಡಿಯನ್ನು ಗುರುತಿಸುವುದಿಲ್ಲ. ಆದ್ದರಿಂದ ನೆರೆಹೊರೆಯ ನಾಲ್ಕಾರು ಕೃಷಿಕರು ಒಟ್ಟಾಗಿ ಯೋಜಿಸುವುದು ಉತ್ತಮ. ತುಡುವೆ ಸಾಮಾನ್ಯವಾಗಿ ಗೂಡಿನಿಂದ ಅರ್ಧ ಕಿಲೋಮೀಟರ್ ಆಸುಪಾಸಿನಲ್ಲಿಯೇ ಹೆಚ್ಚು ದುಡಿಯುತ್ತದೆ.

ಬೇರೆಡೆಯಿಂದ ಪೆಟ್ಟಿಗೆ ತರುವುದಾದರೆ ಬೆಳೆಯಲ್ಲಿ ಶೇಕಡಾ 5ರಿಂದ 10ರಷ್ಟು ಹೂ ಅರಳಿದ ನಂತರವೇ ತರಬೇಕು. ಮೊದಲೇ ತಂದಲ್ಲಿ ನೊಣಗಳು ಸುತ್ತಲಿನ ಬೇರೆ ಹೂಗಳಿಗೆ ಒಗ್ಗಿಕೊಂಡು ನಮ್ಮ ಬೆಳೆಯತ್ತ ತಿರುಗುವುದಿಲ್ಲ. ಸಾಗಣೆಯನ್ನು ಕತ್ತಲಾಗಿ ಎಲ್ಲ ನೊಣಗಳೂ ಒಳಸೇರಿದ ನಂತರ, ಬಾಗಿಲಿಗೆ ಗಾಳಿಯಾಡುವ ಜಾಲರಿ ಕಟ್ಟಿ ಮಾಡಬೇಕು. ಒಂದೇ ತೋಟದೊಳಗೆ ನೂರಿನ್ನೂರು ಮೀಟರ್ ಸರಿಸುವುದು ಅಪಾಯಕಾರಿ; ಹೊರಹೋದ ನೊಣಗಳು ಹಳೆಯ ಜಾಗಕ್ಕೇ ಮರಳಿ ನಾಶವಾಗುತ್ತವೆ. ದಿನಕ್ಕೆ ಒಂದೆರಡು ಅಡಿಯಂತೆ ಸರಿಸಬಹುದು, ಇಲ್ಲವೇ ಒಮ್ಮೆಲೇ ಎರಡು ಮೂರು ಕಿಲೋಮೀಟರ್ ದೂರ ಒಯ್ಯಬೇಕು.

ಮಳೆಗಾಲ

ಕುಟುಂಬಗಳು ಹೆಚ್ಚಾಗಿ ನಷ್ಟವಾಗುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಎಡೆಬಿಡದ ಮಳೆಯಲ್ಲಿ ನೊಣಗಳು ಹೊರಹೋಗಲಾರವು. ಹೋದರೂ ಹೂಗಳಲ್ಲಿನ ಮಕರಂದ ತೊಳೆದುಹೋಗಿರುತ್ತದೆ. ಮೇ ತಿಂಗಳಲ್ಲಿ ಕೊನೆಯ ಹನಿಯವರೆಗೂ ತುಪ್ಪ ತೆಗೆದವರ ಪೆಟ್ಟಿಗೆ ಜುಲೈಯಲ್ಲಿ ಖಾಲಿಯಾಗುವುದು ಆಕಸ್ಮಿಕವಲ್ಲ. ಸ್ವಲ್ಪ ತುಪ್ಪವನ್ನು ಕುಟುಂಬಕ್ಕೇ ಬಿಡಬೇಕು. ಅದು ಮುಗಿದಾಗ ಸಕ್ಕರೆ ಮತ್ತು ನೀರನ್ನು ಸಮಪ್ರಮಾಣದಲ್ಲಿ ಕಲಸಿ, ವಾರಕ್ಕೊಮ್ಮೆಯಾದರೂ ಸಂಜೆಯ ವೇಳೆ ಪೆಟ್ಟಿಗೆಯ ಒಳಗೇ ನೀಡಬೇಕು. ಪಾಕ ಹೊರಗೆ ಚೆಲ್ಲಿದರೆ ಇರುವೆಗಳೂ ಬೇರೆ ಗೂಡಿನ ನೊಣಗಳೂ ದಾಳಿ ಮಾಡುತ್ತವೆ. ಪೆಟ್ಟಿಗೆಯನ್ನು ಮುಂದಕ್ಕೆ ತುಸು ಬಾಗಿಸಿಟ್ಟು, ಮೇಲೆ ಅಡಿಕೆ ಹಾಳೆ ಅಥವಾ ತಗಡು ಹೊದೆಸಿ, ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ಇರಿಸತಕ್ಕದ್ದು. ನೊಣ ಮುಚ್ಚದ ಹಳೆಯ ಎರಿಗಳನ್ನು ಹೊರತೆಗೆಯಬೇಕು. ಮೇಣದ ಹುಳು ಮೊದಲು ಹತ್ತುವುದು ಅವುಗಳಿಗೇ. ಹಸಿವು, ಇರುವೆ, ಮೇಣದ ಹುಳು ಇವುಗಳಲ್ಲಿ ಯಾವುದೇ ಕಾಟ ಮಿತಿಮೀರಿದರೂ ತುಡುವೆ ಕುಟುಂಬ ಒಟ್ಟಾಗಿ ಪರಾರಿಯಾಗುತ್ತದೆ.

ಥಾಯ್ ಸ್ಯಾಕ್‌ಬ್ರೂಡ್ ರೋಗ

1991-92ರಲ್ಲಿ ದಕ್ಷಿಣ ಭಾರತಕ್ಕೆ ಹರಡಿದ ಈ ನಂಜುರೋಗದಿಂದ ತುಡುವೆ ಕುಟುಂಬಗಳ ಬಹುಪಾಲು ನಾಶವಾಯಿತು. ದಕ್ಷಿಣ ಕನ್ನಡ ಮತ್ತು ಕೊಡಗಿನ ಜೇನು ಕೃಷಿಕರು ನೂರಾರು ಖಾಲಿ ಪೆಟ್ಟಿಗೆಗಳೊಂದಿಗೆ ಉಳಿದರು. ಉಳಿದುಕೊಂಡ ಕುಟುಂಬಗಳಿಂದ ಮತ್ತೆ ಸಂಖ್ಯೆ ಬೆಳೆಯಲು ವರ್ಷಗಳೇ ಹಿಡಿದವು. ಇದಕ್ಕೆ ಇಂದಿಗೂ ಔಷಧವಿಲ್ಲ. ರೋಗ ತಗುಲಿದ ಹುಳು ಕೋಶದಲ್ಲಿ ತಲೆಯೆತ್ತಿ ನೆಟ್ಟಗೆ ಸಾಯುತ್ತದೆ. ಚಿಮಟದಿಂದ ಎತ್ತಿದರೆ ನೀರು ತುಂಬಿದ ಸಣ್ಣ ಚೀಲದಂತೆ ಕಾಣುತ್ತದೆ. ಹೀಗೆ ಕಂಡಲ್ಲಿ ಆ ಕುಟುಂಬವನ್ನು ಬೇರ್ಪಡಿಸಿ, ರಾಣಿಯನ್ನು ಕೆಲವು ದಿನ ಪಂಜರದಲ್ಲಿಟ್ಟು ಮೊಟ್ಟೆ ಇಡುವುದನ್ನು ನಿಲ್ಲಿಸಬೇಕು. ಅದರ ಎರಿಗಳನ್ನು ಇತರ ಪೆಟ್ಟಿಗೆಗೆ ಕೊಡತಕ್ಕದ್ದಲ್ಲ. ಕಡಿಮೆ ಬೆಲೆಗೆ ಸಿಗುತ್ತದೆಂದು ಮೂಲ ತಿಳಿಯದ ಕುಟುಂಬ ಖರೀದಿಸುವುದರಿಂದ ನಷ್ಟವಾಗುವುದು ಖರೀದಿದಾರರಿಗೆ ಮಾತ್ರವಲ್ಲ, ಇಡೀ ಗ್ರಾಮಕ್ಕೆ.

ಕೀಟನಾಶಕ

ಈ ಜಿಲ್ಲೆಗೂ ಕಾಸರಗೋಡಿಗೂ ಎಂಡೋಸಲ್ಫಾನ್ ಎಂಬ ಹೆಸರನ್ನು ವಿವರಿಸಬೇಕಾಗಿಲ್ಲ. ಗೇರು ತೋಪುಗಳ ಮೇಲಿನ ವೈಮಾನಿಕ ಸಿಂಪಡಣೆ 2000ದ ಸುಮಾರಿಗೆ ನಿಂತಿತು. 2011ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ದೇಶದಾದ್ಯಂತ ಅದರ ಉತ್ಪಾದನೆ, ಮಾರಾಟ ಮತ್ತು ಬಳಕೆಯನ್ನು ತಡೆಹಿಡಿಯಿತು. ಆದರೆ ಗೇರಿನ ಟೀ ಸೊಳ್ಳೆಗೆ ಈಗ ಸಿಂಪಡಿಸುವ ಕೀಟನಾಶಕಗಳಲ್ಲಿಯೂ ಜೇನಿಗೆ ಮಾರಕವಾದವುಗಳಿವೆ. ಚಿಗುರಿನ ಹಂತದಲ್ಲಿಯೇ ಕೀಟದ ನಿಗಾ ವಹಿಸಿದಲ್ಲಿ ಹೂವಿನ ಮೇಲೆ ಸಿಂಪಡಿಸುವ ಪ್ರಸಂಗ ಕಡಿಮೆಯಾಗುತ್ತದೆ. ಅನಿವಾರ್ಯವಾದಲ್ಲಿ ಸೂರ್ಯಾಸ್ತದ ನಂತರ ಸಿಂಪಡಿಸಿ, ಹಿಂದಿನ ದಿನವೇ ನೆರೆಯ ಜೇನು ಸಾಕಣೆದಾರರಿಗೆ ತಿಳಿಸತಕ್ಕದ್ದು. ಅಡಿಕೆಯ ಕೊಳೆರೋಗಕ್ಕೆ ಬಳಸುವ ಬೋರ್ಡೋ ದ್ರಾವಣದಿಂದ ಜೇನಿಗೆ ಅಪಾಯ ಕಡಿಮೆ. ಆದರೂ ಪೆಟ್ಟಿಗೆಯ ಮೇಲೆ ಬೀಳದಂತೆ ನೋಡಿಕೊಳ್ಳಬೇಕು.

ನಗರವಾಸಿಗಳ ಗಮನಕ್ಕೆ

ತಾರಸಿ ಕೈತೋಟ ಹೊಂದಿರುವ ನಗರವಾಸಿಗಳಿಗೆ ಮುಜಂಟಿ ಜೇನು ಹೆಚ್ಚು ಸೂಕ್ತ. ಇದು ಚುಚ್ಚುವುದಿಲ್ಲ, ಬಿದಿರಿನ ಅಂಡೆ ಅಥವಾ ಸಣ್ಣ ಮರದ ಪೆಟ್ಟಿಗೆಯಲ್ಲಿ ವಾಸಿಸುತ್ತದೆ ಮತ್ತು ಸ್ವಲ್ಪ ದೂರದಲ್ಲಿಯೇ ಮೇಯುತ್ತದೆ. ತುಡುವೆ ಇಡುವುದಾದರೆ ಬಾಗಿಲು ನೆರೆಮನೆಯ ಅಂಗಳಕ್ಕಾಗಲಿ ಓಣಿಗಾಗಲಿ ಮುಖ ಮಾಡಿರಬಾರದು. ಬಹುಮಹಡಿ ಕಟ್ಟಡಗಳಲ್ಲಿ ಮತ್ತು ನೀರಿನ ಟ್ಯಾಂಕುಗಳಡಿ ಕಟ್ಟುವ ಹೆಜ್ಜೇನನ್ನು ಪೆಟ್ಟಿಗೆಗೆ ಹಾಕಲು ಸಾಧ್ಯವಿಲ್ಲ. ಅದನ್ನು ಬೆಂಕಿಯಿಂದ ಸುಡುವ ಸಾಹಸಕ್ಕೆ ಯಾರೂ ಕೈಹಾಕಬಾರದು. ಅದು ಋತುಮಾನಕ್ಕನುಗುಣವಾಗಿ ವಲಸೆ ಹೋಗುವ ಜೇನು. ಜನಸಂಚಾರದ ಜಾಗದಲ್ಲಿದ್ದರೆ ಅನುಭವಿಗಳ ನೆರವು ಪಡೆಯತಕ್ಕದ್ದು.

ಅರ್ಜಿ ಮತ್ತು ತರಬೇತಿ

ಸಹಾಯಧನದ ಅರ್ಜಿಯನ್ನು ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಚೇರಿಯಲ್ಲಿ ಸಲ್ಲಿಸಬೇಕು. ಸಾಮಾನ್ಯವಾಗಿ ಪಹಣಿ, ಆಧಾರ್, ಬ್ಯಾಂಕ್ ಪಾಸ್ ಪುಸ್ತಕದ ಪ್ರತಿ, ಫ್ರೂಟ್ಸ್ ಗುರುತಿನ ಸಂಖ್ಯೆ ಮತ್ತು ಅನ್ವಯಿಸುವವರಿಗೆ ಜಾತಿ ಪ್ರಮಾಣಪತ್ರ ಬೇಕಾಗುತ್ತವೆ. ಸಹಾಯಧನದ ಪ್ರಮಾಣ ಮತ್ತು ಪೆಟ್ಟಿಗೆಗಳ ಮಿತಿಯು ಆಯಾ ವರ್ಷದ ಮಾರ್ಗಸೂಚಿ ಹಾಗೂ ಅನುದಾನದ ಲಭ್ಯತೆಗೆ ಒಳಪಟ್ಟಿರುವುದರಿಂದ ಕಚೇರಿಯಲ್ಲಿ ವಿಚಾರಿಸಿ ಖಚಿತಪಡಿಸಿಕೊಳ್ಳತಕ್ಕದ್ದು. ಜೇನು ಸಾಕಣೆದಾರರು ಕೇಂದ್ರ ಸರ್ಕಾರವು 2021ರಲ್ಲಿ ಆರಂಭಿಸಿದ ಮಧುಕ್ರಾಂತಿ ಜಾಲತಾಣದಲ್ಲಿಯೂ ನೋಂದಾಯಿಸಿಕೊಳ್ಳಬಹುದು.

ತರಬೇತಿ ಪಡೆಯದೆ ಪೆಟ್ಟಿಗೆ ಪಡೆಯಬಾರದೆಂಬುದು ನಮ್ಮ ಸಲಹೆ. ಮಂಗಳೂರಿನ ಕಂಕನಾಡಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ಹಾಗೂ ಪುತ್ತೂರಿನ ಜೇನು ವ್ಯವಸಾಯಗಾರರ ಸಹಕಾರ ಸಂಘದಲ್ಲಿ ಈ ಬಗ್ಗೆ ವಿಚಾರಿಸಬಹುದಾಗಿದೆ. ಕುಟುಂಬವನ್ನು ಮಳೆ ಮುಗಿದು ಹೂವಿನ ಕಾಲ ಆರಂಭವಾಗುವ ಅಕ್ಟೋಬರ್ ನವೆಂಬರ್ ಅವಧಿಯಲ್ಲಿ ಪಡೆಯುವುದು ಸೂಕ್ತ. ಏಪ್ರಿಲ್ ಮೇ ತಿಂಗಳಲ್ಲಿ ಕುಟುಂಬ ಪಡೆದವರು ಮೊದಲ ಪಾಠವನ್ನೇ ಮಳೆಗಾಲದಲ್ಲಿ ಕಲಿಯಬೇಕಾಗುತ್ತದೆ. ಅಂತಹವರು ಪೆಟ್ಟಿಗೆಯನ್ನು ಮಾತ್ರ ಪಡೆದುಕೊಂಡು, ಕುಟುಂಬದ ಪೂರೈಕೆಯನ್ನು ಮುಂದೂಡುವಂತೆ ಲಿಖಿತವಾಗಿ ಕೋರಬಹುದು.